ಮೂರು ನೀರಲ್ಲಿ ತೊಳೆದ ಕವಾಟದ ಬಟ್ಟೆ

ತಪ್ಪು ನನ್ನದು. ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ, ಯಾಕೆಂದರೆ ಇದೊಂದು ಮಾತನ್ನು ಕಾಗದದ ಮೇಲೆ ಬರೆಯಬೇಡ ಎಂದು ನನಗೆ ಒಂದು ವಾರ ಹೇಳಿದರು. ಮೆತ್ತಗೆ ಹೇಳಿದರು, ಗದರಿಸಿ ಹೇಳಿದರು, ಚಹಾ ತರಿಸಿ ಮುಂದಿಟ್ಟೂ ಹೇಳಿದರು. ಆ ಸಿಟ್ಟು ಇವತ್ತಿಗೂ ಆರಿಲ್ಲ.

ವಿಜಯಪುರದ ಒಂದು ಪರೀಕ್ಷಾ ಪ್ರಯೋಗಾಲಯದಲ್ಲಿ ನನಗೆ ಕೆಲಸ. ಮನುಷ್ಯರ ಮೈಯೊಳಗೆ ಇಡುವ ವಸ್ತುಗಳನ್ನು ತಯಾರಿಸುವ ಕಂಪನಿಗಳು ನಮಗೆ ಅವುಗಳ ತುಣುಕು ಕಳಿಸುತ್ತವೆ. ಮೂಳೆಗೆ ಹಾಕುವ ಸ್ಕ್ರೂ, ಹೊಲಿಗೆಯ ದಾರ, ಹೀಗೆ. ಅದು ರಕ್ತಕ್ಕೆ, ಜೀವಕೋಶಕ್ಕೆ ಕೆಡುಕು ಮಾಡುತ್ತದೋ ಇಲ್ಲವೋ ಎಂದು ಗಾಜಿನ ಕೊಳವೆಯಲ್ಲಿ ನೋಡಿ ನಾವು ಬರೆದುಕೊಡಬೇಕು. ನಮ್ಮ ಕಾಗದ ನೋಡಿ ಅವರು ಮುಂದಿನ ಹಂತಕ್ಕೆ ಹೋಗುತ್ತಾರೆ. ನಾವು ತಪ್ಪು ಬರೆದರೆ ಆ ತಪ್ಪೂ ಅವರ ಜೊತೆಗೇ ಮುಂದಕ್ಕೆ ಹೋಗುತ್ತದೆ.

ನಮ್ಮ ಮನೆತನದಲ್ಲಿ ಕಾಲೇಜು ಮುಗಿಸಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ಕುರಿ ಕಾಯ್ದವನು. ಅವ್ವ ತಿಕೋಟಾದಲ್ಲಿ ಒಣದ್ರಾಕ್ಷಿ ತೊಳೆದು ಆರಿಸುವ ಘಟಕಕ್ಕೆ ಇವತ್ತಿಗೂ ಹೋಗುತ್ತಾಳೆ. ಪಿಯುಸಿಯಿಂದ ಎಂ.ಎಸ್ಸಿ.ವರೆಗೆ ನಾನು ತಿಕೋಟಾದ ಬಸ್ಸಿನಲ್ಲಿ ನಿಂತೇ ಓದಿದೆ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ನೋಟ್ಸು. ತರಗತಿಯಲ್ಲಿ ಬ್ಯಾಕ್ಟೀರಿಯಾದ ಇಂಗ್ಲಿಷ್ ಹೆಸರನ್ನು ಅಕ್ಷರ ಇದ್ದಂತೆಯೇ ಉಚ್ಚರಿಸಿದರೆ ಹಿಂದಿನ ಬೆಂಚಿನಿಂದ ನಗು ಬರುತ್ತಿತ್ತು. ಕೆಲಸಕ್ಕೆ ಸೇರಿದ ದಿನ ಒಬ್ಬ ಹಿರಿಯರು, "ನಿಮ್ಮ ಮಂದ್ಯಾಗ ಹೆಣ್ಣುಮಕ್ಕಳನ್ನ ಇಷ್ಟ ಓದಸ್ತಾರೇನ್ರಿ?" ಎಂದು ಕೇಳಿದರು. ಮೆಚ್ಚುಗೆಯಿಂದಲೇ ಕೇಳಿದರು. ಅದಕ್ಕೇ ಹೆಚ್ಚು ಸಿಟ್ಟು ಬಂತು. ಈ ಕಟ್ಟಡದಲ್ಲಿ ನನ್ನ ಕೈಯಿಂದ ಒಂದೇ ಒಂದು ತಪ್ಪೂ ಆಗಬಾರದು ಎಂದು ಅವತ್ತೇ ನಿರ್ಧರಿಸಿದೆ. ಬೇರೆಯವರು ತಪ್ಪು ಮಾಡಿದರೆ ಅದು ಅವರೊಬ್ಬರ ತಪ್ಪು. ನಾನು ಮಾಡಿದರೆ ಅದು ನನ್ನ ಅವ್ವನ ತಪ್ಪು, ನನ್ನ ಊರಿನ ತಪ್ಪು. ನಾಲ್ಕು ವರ್ಷ ಹಾಗೇ ನಡೆಯಿತು. ನನ್ನ ನೋಟ್‌ಬುಕ್ಕನ್ನು ಹೊಸಬರಿಗೆ ತೋರಿಸಿ, "ಹಿಂಗ ಬರೀರಿ" ಎನ್ನುವ ಮಟ್ಟಿಗೆ ಬಂದಿತ್ತು.

ಆಮೇಲೆ ಕವಾಟದ ಬಟ್ಟೆ ಬಂತು.

ಕೃತಕ ಹೃದಯ ಕವಾಟ ಎಂದರೆ ಬರೀ ತೆರೆದು ಮುಚ್ಚುವ ಬಾಗಿಲಲ್ಲ. ಅದರ ಸುತ್ತ ಬಟ್ಟೆಯದೊಂದು ಸಿಂಬಿ ಇರುತ್ತದೆ. ಕೊಡ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುತ್ತೇವಲ್ಲ, ಅಂಥದ್ದೇ, ಆದರೆ ಕೂಸಿನ ಬಳೆಯಷ್ಟು ಸಣ್ಣದು. ವೈದ್ಯರು ಆ ಬಟ್ಟೆಗೆ ಸೂಜಿ ಹಾಕಿ ಕವಾಟವನ್ನು ಹೃದಯಕ್ಕೆ ಹೊಲಿಯುತ್ತಾರೆ. ಬ್ಯಾಕ್ಟೀರಿಯಾ ಒಮ್ಮೆ ರಕ್ತಕ್ಕೆ ಬಂದರೆ ಹೋಗಿ ಕೂಡುವುದೂ ಆ ಬಟ್ಟೆಯ ಮೇಲೆಯೇ. ಕೂತವು ಸುಲಭಕ್ಕೆ ಏಳುವುದಿಲ್ಲ.

ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ಬಬಲೇಶ್ವರಕ್ಕೆ ಮದುವೆ ಮಾಡಿಕೊಟ್ಟ ನನ್ನ ಅಕ್ಕನ ಎದೆಯಲ್ಲಿ ಅಂಥದ್ದೊಂದು ಕವಾಟ ಇದೆ. ಸಣ್ಣವಳಿದ್ದಾಗ ಗಂಟಲು ನೋವು, ಕೀಲು ನೋವು ಎಂದು ಬಂದು ಹೋದ ಜ್ವರ ಅವಳ ಹೃದಯದ ಕವಾಟವನ್ನು ಕೆಡಿಸಿತ್ತು. ಎರಡನೇ ಹೆರಿಗೆಯ ನಂತರ ನಾಲ್ಕು ಮೆಟ್ಟಿಲು ಹತ್ತಲಾರದಾದಾಗ ಕವಾಟ ಬದಲಿಸಿದರು. ಅದು ಟಕ್ ಟಕ್ ಎನ್ನುವುದು ಪಕ್ಕದಲ್ಲಿ ಕೂತವರಿಗೂ ಕೇಳುತ್ತದೆ. "ಮಕ್ಕಳ ಜೋಡಿ ಕಣ್ಣಾಮುಚ್ಚಾಲಿ ಆಡಾಕ ಬರಂಗಿಲ್ಲ ನೋಡವ್ವಾ, ಎಲ್ಲಿ ಅಡಗಿದ್ರೂ ಮೊದಲ ನಾನ ಸಿಗ್ತೇನಿ" ಎಂದು ಅಕ್ಕ ನಗುತ್ತಾಳೆ. ಆದರೆ ಒಂದು ಸಲ ಹಲ್ಲು ಕೀಳಿಸಿಕೊಂಡ ಮೇಲೆ ಬಂದ ಜ್ವರ ಬಿಡಲೇ ಇಲ್ಲ. ಬ್ಯಾಕ್ಟೀರಿಯಾ ಹೋಗಿ ಅದೇ ಬಟ್ಟೆಯ ಮೇಲೆ ಕೂತಿತ್ತು. ವಾರಗಟ್ಟಲೆ ಆಸ್ಪತ್ರೆಯಲ್ಲಿ ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದಳು. ಚುಚ್ಚಲು ನರ ಸಿಗದೆ ಕೊನೆಗೆ ಕಾಲಿಗೂ ಚುಚ್ಚಿದರು.

ಹಾಗಾಗಿ ಬ್ಯಾಕ್ಟೀರಿಯಾ ಕೊಲ್ಲುವ, ಬೆಳ್ಳಿ ಬೆರೆಸಿದ ಲೇಪ ಬಳಿದ ಸಿಂಬಿಯ ಬಟ್ಟೆ ನಮ್ಮಲ್ಲಿಗೆ ಪರೀಕ್ಷೆಗೆ ಬಂದಿದೆ ಎಂದು ತಿಳಿದಾಗ, ರಕ್ತದ ಪರೀಕ್ಷೆಯನ್ನು ನಾನೇ ಮಾಡುತ್ತೇನೆ ಎಂದು ಮೇಲೆ ಬಿದ್ದು ತೆಗೆದುಕೊಂಡೆ. ಅದು ಪಾಸಾಗಲಿ ಎಂದು ನನ್ನ ಮನಸ್ಸಿನಲ್ಲಿತ್ತು. ಇರಬಾರದಿತ್ತು, ಆದರೆ ಇತ್ತು.

ಪರೀಕ್ಷೆ ಹೇಳಲು ಸರಳ. ಲ್ಯಾಬಿನಲ್ಲೇ ಮೂವರು ಒಪ್ಪಿಗೆ ಬರೆದುಕೊಟ್ಟು ರಕ್ತ ಕೊಡುತ್ತಿದ್ದೆವು, ನಾನೂ ಒಬ್ಬಳು. ಆ ರಕ್ತವನ್ನು ತೆಳು ಮಾಡಿ, ಬಟ್ಟೆಯ ತುಣುಕಿನ ಜೊತೆ ಕೊಳವೆಯಲ್ಲಿ ಮೈಯ ಬಿಸಿಯಲ್ಲೇ ಕೆಲವು ತಾಸು ಇಡಬೇಕು. ಆಮೇಲೆ ಯಂತ್ರದಲ್ಲಿ ತಿರುಗಿಸಿದರೆ ರಕ್ತಕಣಗಳು ಕೆಳಗೆ ಕೂಡುತ್ತವೆ. ಮೇಲಿನ ನೀರು ತಿಳಿಯಾಗಿದ್ದರೆ ಕಣಗಳು ಸುರಕ್ಷಿತ. ನೀರು ಕೆಂಪಾಗಿದ್ದರೆ ಕಣ ಒಡೆದು ಒಳಗಿನ ಬಣ್ಣ ಹೊರಬಂದಿದೆ ಎಂದರ್ಥ.

ಪೊಟ್ಟಣ ಒಡೆದು ಮೊದಲ ತುಣುಕು ಎತ್ತಿದೆ. ಕೈಗವಸಿನ ತುದಿಗೆ ಬೂದು ಬಣ್ಣದ ಪುಡಿ ಹತ್ತಿತು. ಹೊಲಸು ಅನಿಸಿತು.

ಇಲ್ಲಿ ಒಂದು ಮಾತು ಹೇಳಬೇಕು. ಹೈಸ್ಕೂಲಿನ ಪ್ರತಿ ಬೇಸಿಗೆ ರಜೆಯಲ್ಲೂ ನಾನು ಅವ್ವನ ಜೊತೆ ಒಣದ್ರಾಕ್ಷಿ, ನಮ್ಮ ಮಾತಿನ ಮಣೂಕಾ, ತೊಳೆದಿದ್ದೇನೆ. ದ್ರಾಕ್ಷಿ ಬೇಗ ಒಣಗಲಿ ಎಂದು ಔಷಧಿ ಕಲೆಸಿದ ನೀರಲ್ಲಿ ಅದ್ದಿರುತ್ತಾರೆ. ಶೆಡ್ಡಿನಿಂದ ಇಳಿಸಿದಾಗ ಆ ಜಿಡ್ಡು, ಮೇಲೆ ಧೂಳು. ಮೊದಲ ನೀರು ಚಹಾದಂತಾಗುತ್ತದೆ, ಎರಡನೆಯದು ಮಂಕು, ಮೂರನೆಯದು ತಿಳಿ. ಎರಡಕ್ಕೇ ಬಿಟ್ಟರೆ ಅವ್ವ ಮೊಣಕೈಗೆ ತಿವಿಯುತ್ತಿದ್ದಳು. ಶುಚಿ ಎಂದರೆ ಮೂರು ನೀರು ಎಂಬುದು ನನ್ನ ತಲೆಗಿಂತ ಮೊದಲು ನನ್ನ ಕೈಗೆ ಗೊತ್ತು. ನಮ್ಮ ಕಡೆಯ ಯಾವ ಹೆಣ್ಣುಮಗಳ ಕೈಗೆ ಆ ತುಣುಕು ಕೊಟ್ಟಿದ್ದರೂ ಅವಳು ಅದನ್ನೇ ಮಾಡುತ್ತಿದ್ದಳು.

ನಾನೂ ಮಾಡಿದೆ. ಶುದ್ಧವಾದ ಉಪ್ಪುನೀರನ್ನು ಮೂರು ಬಟ್ಟಲಲ್ಲಿ ಹಾಕಿ, ಇಪ್ಪತ್ತು ತುಣುಕುಗಳನ್ನು ಒಂದಾದ ಮೇಲೊಂದು ಬಟ್ಟಲಲ್ಲಿ ಅಲುಗಿಸಿ ತೊಳೆದೆ. ತೊಳೆಯಿರಿ ಎಂದು ವಿಧಾನದಲ್ಲಿ ಎಲ್ಲೂ ಬರೆದಿರಲಿಲ್ಲ. ತೊಳೆಯಬೇಡಿ ಎಂದೂ ಇರಲಿಲ್ಲ. ಮಾಡಿದ್ದನ್ನೆಲ್ಲ ಬರೆಯುವ ಅಭ್ಯಾಸವಿತ್ತಲ್ಲ, "ಮೂರು ಸಲ ತೊಳೆಯಲಾಯಿತು" ಎಂದು ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆದೆ. ಹೆಮ್ಮೆಯಿಂದಲೇ ಬರೆದೆ.

ಮೇಲಿನ ನೀರು ಎಲ್ಲ ಕೊಳವೆಯಲ್ಲೂ ತಿಳಿಯಾಗಿ ಬಂತು. ನಮ್ಮ ಮುಖ್ಯಸ್ಥರು, ಮೂರು ತಲೆಮಾರಿನಿಂದ ವೈದ್ಯರಿದ್ದ ಮನೆಯವರು, ಕೊಳವೆಯನ್ನು ಕಿಟಕಿಗೆ ಹಿಡಿದು ನೋಡಿ, "ಭಾಳ ಚಲೋ ಆತವಾ" ಎಂದರು. ಅವತ್ತೇ ಕಂಪನಿಗೆ ಫೋನು ಮಾಡಿ ಹೇಳಿಯೂ ಬಿಟ್ಟರು. ಸಂಜೆಯ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ನನಗೆ ಕೂಡಬೇಕು ಅನಿಸಲೂ ಇಲ್ಲ.

ಬ್ಯಾಕ್ಟೀರಿಯಾದ ಪರೀಕ್ಷೆಯನ್ನು ಪಕ್ಕದ ಬೆಂಚಿನವನು ಮಾಡುತ್ತಿದ್ದ. ನನ್ನ ವಾರಿಗೆಯವನು, ಒಳ್ಳೆಯವನು, ಸ್ವಲ್ಪ ಪುಕ್ಕಲ. ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನಡುವೆ ಬಟ್ಟೆಯ ತುಣುಕು ಇಟ್ಟರೆ, ಸುತ್ತಲೂ ಅವು ಸತ್ತು ಖಾಲಿ ವರ್ತುಲ ಬೀಳಬೇಕು. ಅವನ ತಟ್ಟೆಯಲ್ಲಿ ದೊಡ್ಡ ವರ್ತುಲ ಬಿದ್ದಿತ್ತು. ಇನ್ನೊಮ್ಮೆ ಮಾಡಲು ಅವನ ಬಳಿ ತುಣುಕು ಸಾಲಲಿಲ್ಲ. ನಾನು ತೊಳೆದಿಟ್ಟಿದ್ದರಲ್ಲಿ ಉಳಿದಿದ್ದ ನಾಲ್ಕು ಕೊಟ್ಟೆ. ಎರಡು ದಿನ ಬಿಟ್ಟು ತಟ್ಟೆ ಹಿಡಿದುಕೊಂಡು ಬಂದ.

"ಅಕ್ಕಾರ, ಇದೇನ್ರಿ ಇದು? ನಿಮ್ಮ ಸೀರಿ ಸೆರಗ ಹರದ ಕೊಟ್ರೇನು? ಒಂದ ಹುಳಾನೂ ಸತ್ತಿಲ್ಲಲ್ರಿ."

ನಗುತ್ತಲೇ ಹೇಳಿದ. ತಟ್ಟೆ ನೋಡಿದೆ. ಬ್ಯಾಕ್ಟೀರಿಯಾ ಬಟ್ಟೆಯ ಅಂಚಿನವರೆಗೂ ಹಸನಾಗಿ ಬೆಳೆದಿತ್ತು. ನೋಟ್‌ಬುಕ್ಕು ತೆರೆದು ನನ್ನದೇ ಸಾಲನ್ನು ಓದಿದೆ: ಮೂರು ಸಲ ತೊಳೆಯಲಾಯಿತು. ಕೈಗವಸಿಗೆ ಹತ್ತಿದ್ದು ಹೊಲಸಲ್ಲ, ಲೇಪ. ಯಾವುದು ಸುರಕ್ಷಿತವೋ ಅಲ್ಲವೋ ಎಂದು ನಾನು ನೋಡಬೇಕಿತ್ತೋ ಅದನ್ನೇ ತೊಳೆದು ಸಿಂಕಿಗೆ ಚೆಲ್ಲಿ, ಬರೀ ಬಟ್ಟೆಯನ್ನು ರಕ್ತದಲ್ಲಿ ಇಟ್ಟಿದ್ದೆ.

ಮುಟ್ಟದೆ ಕಾದಿರಿಸಬೇಕೆಂದು ಕಪಾಟಿನಲ್ಲಿಟ್ಟಿದ್ದ, ಒಡೆಯದ ಪೊಟ್ಟಣ ಒಂದಿತ್ತು. ಯಾರನ್ನೂ ಕೇಳದೆ ತೆಗೆದೆ. ಹೊಸದಾಗಿ ರಕ್ತ ಕೊಟ್ಟೆ, ಉಳಿದಿಬ್ಬರಿಂದಲೂ ತೆಗೆಸಿದೆ. ಈ ಸಲ ತೊಳೆಯಲಿಲ್ಲ. ಯಂತ್ರ ನಿಂತ ಮೇಲೆ ಮುಚ್ಚಳ ತೆಗೆದರೆ ಮೇಲಿನ ನೀರು ಕೆಂಪು. ಮೂವರದೂ ಕೆಂಪು. ಹೋಲಿಸಿ ನೋಡಲೆಂದು ನಾವೇ ಕಣ ಒಡೆಸಿ ಇಟ್ಟ ಕೊಳವೆಗೂ ಇದಕ್ಕೂ ದೂರದಿಂದ ಫರಕು ಕಾಣುತ್ತಿರಲಿಲ್ಲ. ಬ್ಯಾಕ್ಟೀರಿಯಾವನ್ನು ಕೊಂದ ಲೇಪ ನನ್ನ ರಕ್ತವನ್ನೂ ಕೊಂದಿತ್ತು.

ಕೊಳವೆಗಳ ಸಮೇತ ಮುಖ್ಯಸ್ಥರ ಕೋಣೆಗೆ ಹೋದೆ. ನಡೆದದ್ದನ್ನು ಹೇಳಿದೆ. ನನ್ನ ತಪ್ಪನ್ನೂ ಹೇಳಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ಕುಂದರವಾ," ಎಂದರು. "ಮೊದಲನೇ ಸಲ ಚಲೋ ಬಂದಿತ್ತಲ್ಲ?"

"ತೊಳದಿದ್ದೆ ಅಂತ ಚಲೋ ಬಂತ್ರಿ ಸರ್."

"ಇರವಲ್ದ್ಯಾಕ. ಆಪರೇಷನ್ ಮಾಡಾವ್ರು ತೊಳದ ಹಾಕ್ತಾರ. ತೊಳೀಲಿಲ್ಲಂದ್ರೂ ರಕ್ತ ಹರದ ಹರದ ಅದ ತೊಳೀತೈತಿ."

"ತೊಳದ್ರ ಹುಳಾ ಸಾಯಂಗಿಲ್ರಿ. ತೊಳೀಲಿಲ್ಲಂದ್ರ ರಕ್ತ ಸಾಯ್ತದ. ಇನ್ನ ರಕ್ತ ತೊಳದ ನೀರು ಎಲ್ಲಿಗಿ ಹೋಗಬೇಕ್ರಿ ಸರ್? ಒಳಗ ಬಚ್ಚಲ ಇಲ್ರಿ. ಕಿಡ್ನಿಗಿ ಹೋಗ್ತದ, ಮಿದುಳಿಗಿ ಹೋಗ್ತದ."

ಅವರ ಮುಖ ಬಿಗಿಯಿತು. ಚಹಾ ತರಿಸಿ ನನ್ನ ಮುಂದಿಟ್ಟರು. ಆಮೇಲೆ ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ.

"ನಿನ್ನ ಚಲೋದಕ್ಕ ಹೇಳಾಕತ್ತೇನಿ. ಮಾದರಿ ತೊಳದ್ಳು ಅಂತ ಗೊತ್ತಾದ್ರ ಮಂದಿ ಏನಂತಾರ? ಎಲ್ಲಿಂದ ಬಂದಾಳ ಅದರ ಬುದ್ಧಿ ತೋರಿಸಿದ್ಳು ಅಂತಾರ. ನೋಟ್‌ಬುಕ್ಕಿನ ಆ ಪುಟ ಇನ್ನೊಮ್ಮೆ ಶುಭ್ರ ಮಾಡಿ ಬರಿ, ಆ ಒಂದ ಸಾಲ ಬಿಟ್ಟು. ಎರಡನೇದು ಮಾಡೇ ಇಲ್ಲ ಅಂತ ತಿಳಕೋ."

ಎಷ್ಟು ಹುಷಾರಿನಿಂದ ಹೊಡೆದರು ನೋಡಿ. ನಾಲ್ಕು ವರ್ಷ ನಾನು ಯಾವುದಕ್ಕೆ ಹೆದರಿ ಕೆಲಸ ಮಾಡಿದ್ದೆನೋ ಅದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ನನ್ನ ಹೆದರಿಕೆಯನ್ನು ಡ್ರಾಯರಿನಲ್ಲಿಟ್ಟುಕೊಂಡು ಕೂತಿದ್ದರು. ಬೇಕಾದ ದಿನ ತೆಗೆದರು. ನನಗೆ ಅವರ ಮೇಲೆ ಎಷ್ಟು ಸಿಟ್ಟು ಬಂತೋ ಅದರ ಎರಡರಷ್ಟು ನನ್ನ ಮೇಲೆ ಬಂತು, ಯಾಕೆಂದರೆ ಆ ಮಾತು ನಾಟಿತು. ಪುಟ ಹರಿಯಲು ಎಷ್ಟು ಹೊತ್ತು ಬೇಕು ಎಂದು ನಾನು ಒಂದು ಕ್ಷಣ ಯೋಚಿಸಿದ್ದೂ ನಿಜ.

ಆ ವಾರವೆಲ್ಲ ಅವರು ಅದನ್ನೇ ತಿರುತಿರುಗಿ ಹೇಳಿದರು. ವರದಿ ಒಯ್ಯಲು ಕಂಪನಿಯವರು ಸೋಮವಾರ ಬರುವವರಿದ್ದರು. ಭಾನುವಾರ ಬಬಲೇಶ್ವರಕ್ಕೆ ಹೋದೆ. ಅಕ್ಕ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು.

"ಯಾಕ ಬೇ, ಮಾರಿ ಹಂಗ ಮಾಡೀ? ಬಸ್ಸಿನ್ಯಾಗ ಯಾರರ ಕಾಲ ತುಳದ್ರೇನು?"

ಎಲ್ಲವನ್ನೂ ಹೇಳಿದೆ. ಲೇಪ, ತೊಳೆದದ್ದು, ಕೆಂಪು ನೀರು, ಪುಟ. ಅವಳು ಐದನೇ ತರಗತಿಯವರೆಗೆ ಓದಿದವಳು; ಎಲ್ಲೂ ತಡೆದು ಕೇಳಲಿಲ್ಲ.

"ತಪ್ಪ ಮಾಡೀದಿ ಹೌದಿಲ್ಲೋ?"

"ಹೂಂ."

"ಹಂಗಾರ ಮಾಡೇನಿ ಅಂತ ಬರಿ. ಅಷ್ಟಕ್ಕ ಇಲ್ಲಿತನಾ ಯಾಕ ಬಂದಿ?"

"ಬರದ್ರ ನಗ್ತಾರಕ್ಕಾ. ಮಣೂಕಾ ತೊಳ್ಯಾಕಿ ಇಲ್ಲಿಗ್ಯಾಕ ಬಂದ್ಳು ಅಂತಾರ."

ಅಕ್ಕ ರೊಟ್ಟಿಯನ್ನು ಹಂಚಿಗೆ ಹಾಕಿ ಮೇಲೆ ನೀರು ಸವರಿದಳು. "ಯವ್ವಾ, ಇಂಥಾವೆಲ್ಲಾ ನೋಡಿ ಕಳಸಾವ್ರು ಯಾರೋ ಭಾಳ ದೊಡ್ಡ ಮಂದಿ ಇರ್ತಾರ ಅಂತ ತಿಳದಿದ್ದೆ ನಾ. ನಿನ್ನಂಥಾಕಿ ನೋಡ್ತಾಳ ಅಂತ ಗೊತ್ತಿದ್ರ ಹಾಕಿಸ್ಕೋತಿದ್ದಿಲ್ಲ ಬಿಡು," ಎಂದು ನಕ್ಕಳು. ನಾನೂ ನಕ್ಕೆ. ರೊಟ್ಟಿ ಮಗುಚುವಾಗ ಅವಳ ನಗು ನಿಂತಿತು. ಒಲೆಯ ಮುಂದೆ ನಾವಿಬ್ಬರೇ ಇದ್ದೆವು, ಅವಳ ಎದೆಯ ಸಪ್ಪಳ ಕೇಳುತ್ತಿತ್ತು.

"ನಂದೂ ಒಬ್ಬಾಕಿ ನೋಡಿರ್ತಾಳಲ್ಲ," ಎಂದಳು. "ಆಕಿ ಏನ ಬರದಾಳೋ ಏನೋ."

ನಾನು ಎಂ.ಎಸ್ಸಿ. ಮಾಡಿದ್ದು ಆ ಪ್ರಶ್ನೆಗೆ ಉತ್ತರ ಇರಲಿ ಎಂದಲ್ಲವೇ ಎಂದು ವಾಪಸು ಬರುವಾಗ ಬಸ್ಸಿನಲ್ಲಿ ಹಲ್ಲು ಕಚ್ಚಿಕೊಂಡು ಕೂತೆ.

ಸೋಮವಾರ ಬೆಳಗ್ಗೆ ಬೇಗ ಹೋಗಿ ವರದಿ ಬರೆದೆ. ಎರಡೂ ಫಲಿತಾಂಶ ಹಾಕಿದೆ. ಕೆಳಗೆ ಒಂದು ಪ್ಯಾರಾ ಸೇರಿಸಿದೆ: ಮೊದಲ ಪರೀಕ್ಷೆಯಲ್ಲಿ ಪರೀಕ್ಷಕಿ ವಿಧಾನದಲ್ಲಿಲ್ಲದಿದ್ದರೂ ಮಾದರಿಗಳನ್ನು ಮೂರು ಸಲ ತೊಳೆದಿದ್ದಾರೆ, ಅದು ತಪ್ಪು, ಆ ಫಲಿತಾಂಶವನ್ನು ನಂಬಬಾರದು, ತೊಳೆಯದ ಮಾದರಿ ರಕ್ತಕಣಗಳನ್ನು ಒಡೆಯುತ್ತದೆ. ಪರೀಕ್ಷಕಿ ಎಂಬಲ್ಲಿ ನನ್ನ ಹೆಸರು ಬರೆದೆ. ಕೆಳಗೆ ತಾರೀಖು ಹಾಕಿ ಸಹಿ ಮಾಡಿದೆ.

ಮುಖ್ಯಸ್ಥರು ಓದಿ ಮೇಜಿನ ಮೇಲೆ ಒಗೆದರು. ಪಕ್ಕದ ಬೆಂಚಿನವನನ್ನು ಕರೆಸಿದರು.

"ಈಕಿ ಬ್ಯಾಡ. ಮೊದಲನೇ ಫಲಿತಾಂಶಕ್ಕ ನೀ ಸಹಿ ಹಾಕು."

ಅವನು ನೆಲ ನೋಡಿದ. ಬೆವರು ಒರೆಸಿಕೊಂಡ. ಇವನು ಹಾಕುತ್ತಾನೆ ಎಂದೇ ನಾನು ತಿಳಿದೆ.

"ಅದು... ನಾ ಮಾಡಿದ್ರೂ ಕೆಂಪ ಬರ್ತದ್ರಿ ಸರ್," ಎಂದ. ಎಷ್ಟು ಸಣ್ಣ ದನಿಯಲ್ಲಿ ಎಂದರೆ, ಇನ್ನೊಮ್ಮೆ ಹೇಳಿಸಿದರು. ಅವನು ಇನ್ನೊಮ್ಮೆಯೂ ಅದನ್ನೇ ಹೇಳಿದ.

"ಹಂಗಾರ ನೀನ ಅವರ ಮುಂದ ಕೂತು ಹೇಳು ಹೋಗವಾ," ಎಂದು ನನ್ನ ಕಡೆ ಕೈ ಬೀಸಿದರು. "ನನ್ನ ಮರ್ಯಾದಿ ಅಂತೂ ಹೋತು, ನಿಂದೂ ಹೋಗಲಿ."

ಕೂತು ಹೇಳಿದೆ. ಬೆಂಗಳೂರಿನಿಂದ ಬಂದಿದ್ದ ಕಂಪನಿಯ ಹೆಣ್ಣುಮಗಳು ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು. ಕೆಂಪು ಕೊಳವೆಗಿಂತ ಹೆಚ್ಚು ಹೊತ್ತು ಅವಳು ನನ್ನನ್ನು ನೋಡಿದಳು.

"ತೊಳೆದ್ರಾ? ಇಷ್ಟು ಸಣ್ಣ ವಿಷಯಾನೂ ಗೊತ್ತಿಲ್ವಾ ನಿಮಗೆ? ಯಾರ್ರೀ ಟ್ರೈನಿಂಗ್ ಕೊಟ್ಟಿದ್ದು?"

"ಗೊತ್ತಿರಲಿಲ್ರಿ. ಈಗ ಗೊತ್ತಾಗೇತಿ," ಎಂದೆ. "ನಿಮ್ಮ ಲೇಪ ಬಟ್ಟೀಗಿ ಹತ್ತಿ ನಿಂದರೂದಿಲ್ಲ ಅನ್ನೂದು ನಿಮಗ ಗೊತ್ತಿತ್ತೇನ್ರಿ?"

ಅವಳು ವರದಿಯಲ್ಲಿ ನನ್ನ ಪ್ಯಾರಾ ಇದ್ದ ಮೂರನೇ ಪುಟವನ್ನು ಎರಡು ಸಲ ಓದಿದಳು, ಕೊಳವೆಗಳ ಫೋಟೋ ತೆಗೆದುಕೊಂಡಳು, ಉಳಿದ ತುಣುಕುಗಳನ್ನು ಎಣಿಸಿ ಚೀಲಕ್ಕೆ ಹಾಕಿಕೊಂಡಳು. ಹೋಗುವಾಗ ನನಗೆ ಹೋಗಿ ಬರುತ್ತೇನೆ ಎನ್ನಲಿಲ್ಲ. ಆ ಲೇಪವನ್ನು ಮುಂದಿನ ಹಂತಕ್ಕೆ ಒಯ್ಯುವುದಿಲ್ಲ, ಹೊಸದಾಗಿ ಮಾಡುತ್ತೇವೆ ಎಂದು ಆಮೇಲೆ ಅವರಿಂದ ಕಾಗದ ಬಂತು. ಅದರಲ್ಲಿ ಯಾರಿಗೂ ಒಂದು ಒಳ್ಳೆಯ ಮಾತಿರಲಿಲ್ಲ. ಬೇಕಾಗಿಯೂ ಇರಲಿಲ್ಲ.

ನನ್ನನ್ನು ರಕ್ತದ ಬೆಂಚಿನಿಂದ ತೆಗೆದು ಕುಡಿಯುವ ನೀರಿನ ಪರೀಕ್ಷೆಗೆ ಹಾಕಿದರು. ಅದು ಶಿಕ್ಷೆ ಎಂದು ಎಲ್ಲರಿಗೂ ತಿಳಿಯಲಿ ಎಂದೇ ಹಾಕಿದರು. ಮಾಡುತ್ತಿದ್ದೇನೆ. ನೀರನ್ನೂ ಮನುಷ್ಯರೇ ಕುಡಿಯುತ್ತಾರೆ. ನನ್ನ ನೋಟ್‌ಬುಕ್ಕನ್ನು ಈಗ ಹೊಸಬರಿಗೆ ತೋರಿಸುವುದಿಲ್ಲ.

ಸಿಂಕಿನ ಮೇಲೆ ಮಾತ್ರ ಒಂದು ಹಾಳೆ ಅಂಟಿಸಿದ್ದಾರೆ: ಪರೀಕ್ಷೆಗೆ ಮುನ್ನ ಮಾದರಿಗಳನ್ನು ತೊಳೆಯಕೂಡದು. ಯಾಕೆ ಎಂದು ಬರೆದಿಲ್ಲ. ಈ ತಿಂಗಳು ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಅದರ ಕೆಳಗೆ ನಿಂತು ನಗುತ್ತಿದ್ದರು.

"ಇದನ್ನೂ ಬರದ ಹಚ್ಚಬೇಕೇನ ಬೇ? ಯಾವಾಕಿ ತೊಳದಿದ್ಳೋ!"

"ಯಾವದೋ ಹಳ್ಳಿ ಕಡ್ಯಾಕಿ ಇರಬೇಕು."

ಮುಖ್ಯಸ್ಥರು ತಮ್ಮ ಕೋಣೆಯ ಬಾಗಿಲಲ್ಲೇ ಇದ್ದರು. ಕೇಳಿಸಿಕೊಂಡು ಒಳಗೆ ಹೋದರು. ನಾನು ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಬೆಂಚಿನ ಮೇಲಿಟ್ಟು ಆ ಹುಡುಗಿಯರ ಹತ್ತಿರ ಹೋದೆ.

"ನಾನ ತೊಳದಾಕಿ," ಎಂದೆ. "ತಿಕೋಟಾದಾಕಿ."

ಇಬ್ಬರ ಮುಖವೂ ಇಳಿಯಿತು. ಒಬ್ಬಳು ಕ್ಷಮಿಸಿ ಎನ್ನಲು ಬಾಯಿ ತೆರೆದಳು. ಇನ್ನೊಬ್ಬಳು, ಸಣ್ಣಾಕೆ, ಹಾಳೆ ನೋಡಿದಳು, ನನ್ನನ್ನು ನೋಡಿದಳು.

"ತೊಳದ್ರ ಏನಾತ್ರಿ ಮೇಡಂ?" ಎಂದು ಕೇಳಿದಳು.

ಅಷ್ಟು ದಿನದಲ್ಲಿ ಇದನ್ನು ಕೇಳಿದವಳು ಅವಳೊಬ್ಬಳೇ. ಅವಳಿಗೊಂದು ಸ್ಟೂಲು ಎಳೆದುಕೊಟ್ಟು, ಮೊದಲಿನಿಂದ ಹೇಳಲು ಕೂತೆ.